ತಂಡದ ಗೆಲುವು, ತರಬೇತುದಾರನ ಪಾಲು: ಮೌಲ್ಯಮಾಪನಕ್ಕೊಂದು ಉದಾಹರಣೆ

ತರಗತಿಯ ಅಂಕಗಳನ್ನು ನೋಡಿ ಬೋಧಕರ ಕೆಲಸವನ್ನು ಅಳೆಯಬಹುದೇ? ಅಭ್ಯಾಸ ಬೋಧನೆಯ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಈ ಪ್ರಶ್ನೆ ಕೇಳುತ್ತಾರೆ. ಉತ್ತರವನ್ನು ವಿವರಿಸಲು ನಾನು ಅಮೆರಿಕದ ಕಾಲೇಜು ಫುಟ್‌ಬಾಲ್ ತರಬೇತುದಾರರ ಉದಾಹರಣೆಯನ್ನು ಬಳಸುತ್ತೇನೆ. ಅಲ್ಲಿ ಆಟಗಾರರ ಆರಂಭದ ಮಟ್ಟವೂ ತಂಡದ ಕೊನೆಯ ಫಲಿತಾಂಶವೂ ಬಹಿರಂಗವಾಗಿರುತ್ತವೆ.

ಇದು ನಾವು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ವಿಶ್ವವಿದ್ಯಾಲಯದ ತರಬೇತುದಾರ ಪ್ರೌಢಶಾಲೆಗಳಿಗೆ ಹೋಗಿ ಆಟಗಾರರನ್ನು ಹುಡುಕಿ, ವಿದ್ಯಾರ್ಥಿವೇತನ ಕೊಟ್ಟು ತನ್ನ ತಂಡಕ್ಕೆ ಕರೆತರುತ್ತಾನೆ. ಈ ಹುಡುಗರಿಗೆ ಖಾಸಗಿ ಸಂಸ್ಥೆಗಳು ಗರಿಷ್ಠ 5 ನಕ್ಷತ್ರಗಳವರೆಗೆ ಶ್ರೇಣಿ ನೀಡುತ್ತವೆ. ಹೀಗೆ ಸೇರಿದವರ ಶ್ರೇಣಿಯಿಂದ ಪ್ರತಿ ತಂಡದ ಪ್ರತಿಭೆಯ ಅಂದಾಜು ಸಿಗುತ್ತದೆ. ಅದರ ಪಕ್ಕದಲ್ಲಿ ಗೆಲುವು-ಸೋಲುಗಳನ್ನಿಟ್ಟರೆ ತರಬೇತುದಾರನ ಪಾಲು ಎಷ್ಟೆಂಬ ವಿಚಾರಣೆ ಶುರುವಾಗುತ್ತದೆ.

ಎರಡು ತಂಡಗಳನ್ನು ಹೋಲಿಸೋಣ. ಕ್ಯಾನ್ಸಸ್ ಸ್ಟೇಟ್ ತಂಡ 1988ರಲ್ಲಿ ಆಡಿದ 11 ಪಂದ್ಯಗಳನ್ನೂ ಸೋತಿತ್ತು. 1989ರಲ್ಲಿ ಬಿಲ್ ಸ್ನೈಡರ್ ತರಬೇತುದಾರರಾಗಿ ಬಂದರು. ಮೊದಲ ವರ್ಷ ಗೆದ್ದದ್ದು ಒಂದೇ ಪಂದ್ಯ. ದೊಡ್ಡ ತಂಡಗಳು ಬೆನ್ನಟ್ಟುವ ಆಟಗಾರರು ಅವರಿಗೆ ಸಿಗುತ್ತಿದ್ದುದು ಕಡಿಮೆ. ಆದರೂ 1998ರಲ್ಲಿ ಅದೇ ತಂಡ 11 ಪಂದ್ಯಗಳನ್ನು ಗೆದ್ದಿತು. ಇನ್ನೊಂದು ಕಡೆ ಟೆಕ್ಸಾಸ್ ಎ ಅಂಡ್ ಎಂ. 2022ರಲ್ಲಿ ಜಿಂಬೋ ಫಿಶರ್ ಅಲ್ಲಿಗೆ ತಂದ ಹೊಸ ಆಟಗಾರರ ಗುಂಪು ದೇಶದಲ್ಲೇ ಮೊದಲ ಶ್ರೇಣಿ ಪಡೆಯಿತು. ಆ ವರ್ಷ ತಂಡ ಗೆದ್ದದ್ದು 5, ಸೋತದ್ದು 7. ಮರುವರ್ಷ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿತು. ಒಪ್ಪಂದದಂತೆ ಅವರಿಗೆ ಕೊಡಬೇಕಾಗಿ ಬಂದ ಬಾಕಿ ಹಣ 7.5 ಕೋಟಿ ಡಾಲರಿಗೂ ಹೆಚ್ಚು.

ತೀರ್ಪು ಸುಲಭವೆಂದು ಕಾಣುತ್ತದೆ. ಆದರೆ ತರಗತಿಯಲ್ಲಿ ನಾನು ಇಲ್ಲಿ ನಿಲ್ಲಿಸಿ ಮೂರು ಎಚ್ಚರಿಕೆಗಳನ್ನು ಹೇಳುತ್ತೇನೆ.

ಒಂದು, ಒಂದೇ ವರ್ಷದ ಲೆಕ್ಕ ಸಾಲದು. ಇದೇ ಫಿಶರ್ ಅವರ ತಂಡ 2020ರಲ್ಲಿ 9 ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತಿತ್ತು. ಋತುವೊಂದಕ್ಕೆ ಸುಮಾರು 12 ಪಂದ್ಯಗಳಷ್ಟೇ ಇರುವಾಗ ಒಂದೆರಡು ಗಾಯ, ಒಂದೆರಡು ಕೂದಲೆಳೆಯ ಸೋಲು ಇಡೀ ಚಿತ್ರವನ್ನು ಬದಲಿಸುತ್ತವೆ. 2022ರಲ್ಲಿ ಸೇರಿದ ಹುಡುಗರು ಆಗಿನ್ನೂ ಮೊದಲ ವರ್ಷದವರು ಎಂಬುದನ್ನೂ ಮರೆಯಬಾರದು. ಹೊಸಬ ತರಬೇತುದಾರನಿಗೆ ಮೊದಲು ಸಿಗುವುದೂ ಹಿಂದಿನವನು ಆರಿಸಿದ ಆಟಗಾರರೇ.

ಎರಡು, ಅಳತೆಗೋಲಿಗೆ ಮೇಲ್ಮಿತಿ ಇದೆ. ಅಲಬಾಮಾದಲ್ಲಿ 2007ರಿಂದ 2023ರವರೆಗೆ ಇದ್ದ ನಿಕ್ ಸೇಬನ್ ಅತ್ಯುತ್ತಮ ಆಟಗಾರರನ್ನೇ ಸೇರಿಸಿ 6 ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಮೊದಲ ಸ್ಥಾನ ನಿರೀಕ್ಷಿಸಿದ ತಂಡ ಮೊದಲ ಸ್ಥಾನವನ್ನೇ ಪಡೆದರೆ ಲೆಕ್ಕದಲ್ಲಿ 'ಹೆಚ್ಚುವರಿ' ಸೊನ್ನೆಯಾಗುತ್ತದೆ. ಅವರ ಕೆಲಸ ಸೊನ್ನೆಯೆಂದು ಯಾರೂ ಹೇಳರು. ಶೇ. 95 ಪಡೆಯುವ ಮಕ್ಕಳ ತರಗತಿಯಲ್ಲೂ ಇದೇ ತೊಡಕು.

ಮೂರು, ನಕ್ಷತ್ರಗಳು ಅಂದಾಜು ಮಾತ್ರ. ಹದಿನೇಳರ ಹುಡುಗ ಇಪ್ಪತ್ತೊಂದಕ್ಕೆ ಹೇಗೆ ಬೆಳೆಯುತ್ತಾನೆಂದು ಖಚಿತವಾಗಿ ಹೇಳುವ ಸಾಧನವಿಲ್ಲ. ಆರಂಭದ ಅಳತೆ ತಪ್ಪಿದರೆ ಪ್ರಗತಿಯ ಲೆಕ್ಕವೂ ತಪ್ಪುತ್ತದೆ.

ಇಷ್ಟಾದ ಮೇಲೂ ತರಬೇತುದಾರನಿಗೂ ಶಿಕ್ಷಕನಿಗೂ ಒಂದು ಮೂಲಭೂತ ವ್ಯತ್ಯಾಸ ಉಳಿಯುತ್ತದೆ. ಆಟಗಾರರನ್ನು ಆರಿಸಿ ತರುವುದು ತರಬೇತುದಾರನ ಕೆಲಸದ ಭಾಗ. ಪ್ರತಿಭೆ ಕೂಡಿಸಿದ ಶ್ರೇಯಸ್ಸು ಅವನಿಗೆ ಸಲ್ಲಬೇಕು. ಸರ್ಕಾರಿ ಶಾಲೆಯ ಶಿಕ್ಷಕ ಮಕ್ಕಳನ್ನು ಆರಿಸುವುದಿಲ್ಲ. ಬಾಗಿಲಿಗೆ ಬಂದವರೆಲ್ಲ ಅವನ ಮಕ್ಕಳೇ. ಅಂಕ ನೋಡಿ ಪ್ರವೇಶ ಕೊಡುವ ಶಾಲೆಯ ಫಲಿತಾಂಶದಲ್ಲಿ ಆಯ್ಕೆಯ ಪಾಲೆಷ್ಟು, ಬೋಧನೆಯ ಪಾಲೆಷ್ಟು ಎಂದು ಬಿಡಿಸಿ ನೋಡದೆ ಎರಡು ಶಾಲೆಗಳನ್ನು ಹೋಲಿಸುವುದು ನ್ಯಾಯವಲ್ಲ.

ನಮ್ಮಲ್ಲಿ ಇದಕ್ಕೆ ಸಾಧನ ಇಲ್ಲದಿಲ್ಲ. ಸೇತುಬಂಧದ ಪೂರ್ವ ಪರೀಕ್ಷೆ ಮತ್ತು ಸಾಫಲ್ಯ ಪರೀಕ್ಷೆಗಳ ಹಿಂದಿರುವುದು ಇದೇ ತತ್ತ್ವ. ಆದ್ದರಿಂದ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟು: ಘಟಕ ಆರಂಭಿಸುವ ಮೊದಲು ಚಿಕ್ಕದೊಂದು ಪೂರ್ವ ಪರೀಕ್ಷೆ ನಡೆಸಿ, ಪ್ರತಿ ಮಗುವಿನ ಅಂಕವನ್ನು ಘಟಕ ಪರೀಕ್ಷೆಯ ಅಂಕದ ಪಕ್ಕದಲ್ಲೇ ಬರೆಯಿರಿ. ಮಾರ್ಗದರ್ಶಕ ಅಧ್ಯಾಪಕರು ಪಾಠ ವೀಕ್ಷಿಸಿ ಅಂಕ ಹಾಕುವಾಗ ಆ ಎರಡು ಸಾಲುಗಳನ್ನೂ ಕೇಳಿ ನೋಡಲಿ. 30ರಿಂದ 50ಕ್ಕೆ ಬಂದ ತರಗತಿಯ ಶಿಕ್ಷಕಿ, 80ರಲ್ಲೇ ನಿಂತ ತರಗತಿಯ ಶಿಕ್ಷಕಿಗಿಂತ ಕಡಿಮೆ ಅಂಕ ಪಡೆಯುವಂತಾಗಬಾರದು.