ಬೂತಾಯಿಯ ರೇಟು ಯಾರಿಗೆ ಗೊತ್ತು?

1997ರ ಜನವರಿ 14ರ ಬೆಳಗ್ಗೆ. ಕೇರಳದ ವಡಕರ ಕಡಲತೀರದಲ್ಲಿ 11 ಮೀನುಗಾರರ ದೋಣಿಗಳಲ್ಲಿ ಬೂತಾಯಿ ಇತ್ತು, ಕೊಳ್ಳುವವರು ಒಬ್ಬರೂ ಇರಲಿಲ್ಲ. ಹಿಡಿದ ಮೀನನ್ನು ಮತ್ತೆ ಕಡಲಿಗೇ ಸುರಿಯುವ ಸ್ಥಿತಿ. ಅದೇ ಹೊತ್ತಿಗೆ, 15 ಕಿಲೋಮೀಟರ್ ಒಳಗಿನ ಚೋಂಬಾಲ ಮತ್ತು ಕೊಯಿಲಾಂಡಿ ತೀರಗಳಲ್ಲಿ 27 ಗಿರಾಕಿಗಳು ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು. ಮೀನೂ ಇತ್ತು, ದುಡ್ಡೂ ಇತ್ತು. ಆ ತೀರದ ಸುದ್ದಿ ಈ ತೀರಕ್ಕೆ ಮುಟ್ಟಿರಲಿಲ್ಲ, ಅಷ್ಟೆ.

ಬೂತಾಯಿ ಬಲುಬೇಗ ಕೆಡುವ ಮೀನು. ತೀರದ ಮಾರಾಟ ಬೆಳಗಿನ ಕೆಲವೇ ಗಂಟೆಗಳದ್ದು. ಒಂದು ಕಡೆ ರೇಟು ಬಿದ್ದಿದೆಯೆಂದು ದೋಣಿ ತಿರುಗಿಸಿಕೊಂಡು ಇನ್ನೊಂದು ಕಡೆ ಹೋಗುವಷ್ಟರಲ್ಲಿ ಇಂಧನವೂ ಖರ್ಚು, ವ್ಯಾಪಾರವೂ ಮುಗಿದಿರುತ್ತಿತ್ತು. ಹಾಗಾಗಿ ಎಲ್ಲರೂ ತಂತಮ್ಮ ಊರಿನ ತೀರಕ್ಕೇ ಬರುತ್ತಿದ್ದರು. ದಿನದ ಮೀನಿನಲ್ಲಿ ಶೇ. 5ರಿಂದ 8ರಷ್ಟು ಹೀಗೆ ಹಾಳಾಗುತ್ತಿತ್ತು.

ಆಮೇಲೆ ಮೊಬೈಲ್ ಬಂತು, ಅದೂ ಕಂತುಗಳಲ್ಲಿ: 1997ರಲ್ಲಿ ಕೋಝಿಕ್ಕೋಡ್‌ಗೆ, 1998ರಲ್ಲಿ ಕಣ್ಣೂರಿಗೆ, 2000ದಲ್ಲಿ ನಮ್ಮ ಗಡಿಗಂಟಿದ ಕಾಸರಗೋಡಿಗೆ. ಟವರ್‌ಗಳು ಕರಾವಳಿಯಲ್ಲೇ ಇದ್ದುದರಿಂದ ಸಿಗ್ನಲ್ ಕಡಲೊಳಗೆ 20–25 ಕಿಲೋಮೀಟರ್ ತನಕ ಸಿಗುತ್ತಿತ್ತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರಿಗೆ ಈ ಕಂತುಗಳೇ ಪ್ರಯೋಗಶಾಲೆಯಾದವು. 15 ತೀರಗಳ ವ್ಯಾಪಾರದ ಲೆಕ್ಕವನ್ನು ಅವರು 1996ರಿಂದ 2001ರವರೆಗೆ ವಾರವಾರವೂ ಕಲೆಹಾಕಿದರು. ಬದಲಾವಣೆಗೆ ಮಳೆಯೋ ಇಂಧನದ ಬೆಲೆಯೋ ಕಾರಣವಾಗಿದ್ದರೆ ಮೂರೂ ಜಿಲ್ಲೆಗಳಲ್ಲಿ ಅದು ಒಟ್ಟಿಗೇ ಕಾಣಿಸಬೇಕಿತ್ತು. ಹಾಗಾಗಲಿಲ್ಲ. ಟವರ್ ಎದ್ದಲ್ಲಿ, ಎದ್ದ ಮೇಲೆಯೇ ಲೆಕ್ಕ ಬದಲಾಯಿತು.

2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ದೋಣಿಯವರು ಕಡಲಲ್ಲೇ ನಾಲ್ಕಾರು ತೀರಗಳಿಗೆ ಫೋನಾಯಿಸಿ, ರೇಟು ಕೇಳಿ, ಆಮೇಲೆ ದೋಣಿ ತಿರುಗಿಸತೊಡಗಿದರು. ಸುಮಾರು ಮೂರನೇ ಒಂದು ಪಾಲು ದೋಣಿಗಳು ಬೇರೆ ತೀರಗಳಲ್ಲಿ ಮಾರತೊಡಗಿದವು. ಮೀನು ಚೆಲ್ಲುವುದು ನಿಂತೇಹೋಯಿತು. ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಮಾರುವವನಿಗೂ ತಿನ್ನುವವನಿಗೂ ಏಕಕಾಲಕ್ಕೆ ಲಾಭವಾದದ್ದು ಹೇಗೆ? ಮೊದಲು ಕಡಲ ಪಾಲಾಗುತ್ತಿದ್ದುದನ್ನೇ ಇಬ್ಬರೂ ಹಂಚಿಕೊಂಡರು. ಫೋನ್ ಕೊಳ್ಳದ ಸಣ್ಣ ದೋಣಿಗಳಿಗೂ ಅದರಲ್ಲಿ ಪಾಲು ಸಿಕ್ಕಿತು.

ಇಬ್ಬರು ವ್ಯವಹರಿಸುವಾಗ ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಸಂತೆಯೇ ಕೆಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ಹಳೇ ಕಾರುಗಳ ಮಾರಾಟವನ್ನು ಉದಾಹರಿಸಿ ತೋರಿಸಿದ್ದರು. 2001ರಲ್ಲಿ ಅವರು ನೊಬೆಲ್ ಹಂಚಿಕೊಂಡದ್ದು ಇದೇ ಬಗೆಯ ಕೆಲಸಕ್ಕೆ. ಡಿಜಿಟಲ್ ವ್ಯವಹಾರ ಬದುಕನ್ನು ಹಸನು ಮಾಡುತ್ತದೆಯೋ ಇಲ್ಲವೋ ಎಂದು ನೋಡುವಾಗ ಕೇಳಬೇಕಾದದ್ದು ಇದನ್ನೇ: ಸುದ್ದಿ ಈಗ ಯಾರ ಕೈಯಲ್ಲಿದೆ?

ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತ ಡೆಲಿವರಿ ಹುಡುಗನನ್ನು ನೋಡಿ. ಯಾವ ಬಡಾವಣೆಯಲ್ಲಿ ಎಷ್ಟು ಆರ್ಡರ್ ಇದೆ, ಎಷ್ಟು ಮಂದಿ ಸವಾರರಿದ್ದಾರೆ ಎಂಬುದೆಲ್ಲ ಆ್ಯಪ್‌ಗೆ ಗೊತ್ತು. ಹುಡುಗನಿಗೆ ಕಾಣುವುದು ಪರದೆಯ ಮೇಲಿನ ಒಂದೇ ಆರ್ಡರ್, ಜೊತೆಗೆ ಅದನ್ನು ಒಪ್ಪಿಕೊಳ್ಳಲು ಕೆಲವೇ ಸೆಕೆಂಡು. ವಡಕರದಲ್ಲಿ ಸುದ್ದಿ ಯಾರ ಬಳಿಯೂ ಇರಲಿಲ್ಲ. ಇಲ್ಲಿ ಅದು ಒಂದೇ ಕಡೆ ರಾಶಿಬಿದ್ದಿದೆ. ಮನೆಬಾಗಿಲಿಗೆ ಬಿಸಿ ದೋಸೆ ಬರುವ ಸುಖ ನಮ್ಮದು. ಇವತ್ತು ಎಷ್ಟು ಸಿಗಬಹುದೆಂಬ ಅಂದಾಜಿಲ್ಲದೆ ಬೈಕ್ ಓಡಿಸುವ ಪಾಡು ಅವನದು.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆ ಈ ರಾಶಿಗೆ ಕೈಹಾಕಿದೆ. ಕಲ್ಯಾಣನಿಧಿಗೆಂದು ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರಷ್ಟು ಕೊಡಬೇಕೆಂಬುದೇ ಹೆಚ್ಚು ಸುದ್ದಿಯಾಯಿತು. ಅದರಲ್ಲೇ ಇನ್ನೊಂದು ಮಾತೂ ಇದೆ: ತನ್ನ ಕೆಲಸವನ್ನೂ ಗಳಿಕೆಯನ್ನೂ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕ ಮಾಹಿತಿ ಕೇಳಬಹುದು. ಕಡಲ ನಡುವಿನಿಂದ ಫೋನಾಯಿಸಿ ಮೀನುಗಾರ ಕೇಳುತ್ತಿದ್ದುದೂ ಅದನ್ನೇ: “ಅಲ್ಲಿ ಇವತ್ತು ರೇಟು ಎಷ್ಟು?”