ಮಲ ಕಪ್ಪಾದರೆ ಸುಮ್ಮನಿರಬೇಡಿ

ಜ್ವರ ಬಂದರೆ ಹೇಳುತ್ತೇವೆ. ತಲೆ ನೋವು ಬಂದರೆ ಹೇಳುತ್ತೇವೆ. ಮಲದ ವಿಷಯ ಮಾತ್ರ ಯಾರಿಗೂ ಹೇಳುವುದಿಲ್ಲ. ಡಾಕ್ಟರು ಕೇಳಿದರೂ ತಲೆ ತಗ್ಗಿಸುತ್ತೇವೆ. ಆದರೆ ಅಕ್ಕ ತಂಗಿಯರೇ, ಹೊಟ್ಟೆಯೊಳಗಿನ ಸುದ್ದಿ ಮಲದ ಬಣ್ಣದಲ್ಲಿ ತಿಳಿಯುತ್ತದೆ. ಮಲ ಡಾಂಬರಿನ ಹಾಗೆ ಕಪ್ಪಾಗಿ ಹೋದರೆ ಅದು ಅಪಾಯದ ಸುದ್ದಿ.

ಕಪ್ಪು ಯಾಕೆ?

ಜಠರದಲ್ಲಿ ಹುಣ್ಣಾಗಿ ರಕ್ತ ಒಸರುತ್ತಿರಬಹುದು. ರಕ್ತ ಕೆಂಪು ತಾನೇ, ಮಲ ಕಪ್ಪಾಗುವುದು ಹೇಗೆ ಅಂತ ನೀವು ಕೇಳಬಹುದು. ಆ ರಕ್ತ ಜಠರದ ಆಮ್ಲದ ಜೊತೆ ಸೇರುತ್ತದೆ. ಉದ್ದನೆಯ ಕರುಳಿನಲ್ಲಿ ಗಂಟೆಗಟ್ಟಲೆ ಸಾಗುತ್ತದೆ. ಅಷ್ಟರಲ್ಲಿ ಕಪ್ಪಾಗುತ್ತದೆ. ಮಲ ಅಂಟಂಟಾಗಿರುತ್ತದೆ. ವಾಸನೆ ಬಹಳ ಕೆಟ್ಟದಾಗಿರುತ್ತದೆ. 50ರಿಂದ 100 ಮಿಲಿ ಲೀಟರ್, ಅಂದರೆ ಒಂದು ಸಣ್ಣ ಟೀ ಲೋಟದಷ್ಟು ರಕ್ತ ಹೋದರೂ ಸಾಕು, ಮಲ ಹೀಗಾಗುತ್ತದೆ. ಮೂಲವ್ಯಾಧಿಯ ರಕ್ತ ಕೆಳಗಡೆಯಿಂದ ಬರುತ್ತದೆ. ಅದಕ್ಕೇ ಅದು ಕೆಂಪಾಗಿರುತ್ತದೆ. ಅದನ್ನೂ ಡಾಕ್ಟರಿಗೆ ಹೇಳಬೇಕು.

ಹುಣ್ಣು ಯಾಕೆ ಆಗುತ್ತದೆ?

ಕಳೆ ಕಿತ್ತು, ನಾಟಿ ಮಾಡಿ ಸೊಂಟ ನೋಯುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತೇವೆ. ಖಾಲಿ ಹೊಟ್ಟೆಯಲ್ಲಿ ದಿನಾ ನುಂಗುವವರೂ ಇದ್ದಾರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಮಾತ್ರೆಗಳು ಜಠರದ ಒಳಪದರವನ್ನು ಕೆಡಿಸುತ್ತವೆ.

ಒಂದು ರೋಗಾಣುವಿನಿಂದಲೂ ಹುಣ್ಣಾಗುತ್ತದೆ. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಇಬ್ಬರು ಡಾಕ್ಟರು ಇದನ್ನು ಕಂಡುಹಿಡಿದರು. 2005ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಸುಮಾರು ಎರಡು ವಾರ ಸರಿಯಾಗಿ ಔಷಧಿ ತೆಗೆದುಕೊಂಡರೆ ಈ ರೋಗಾಣು ಸಾಮಾನ್ಯವಾಗಿ ಸಾಯುತ್ತದೆ.

ಹೆಂಡ, ಸಾರಾಯಿ ಕುಡಿದು ಈಲಿ ಕೆಟ್ಟವರಿಗೆ ಅನ್ನನಾಳದ ರಕ್ತನಾಳ ಒಡೆದು ರಕ್ತ ಹೋಗಬಹುದು. ಕೆಲವೊಮ್ಮೆ ಕ್ಯಾನ್ಸರಿನಿಂದಲೂ ರಕ್ತ ಹೋಗುತ್ತದೆ.

ಕಪ್ಪಾದದ್ದೆಲ್ಲ ರಕ್ತವೇ?

ಅಲ್ಲ. ರಕ್ತ ಕಡಿಮೆ ಇದ್ದವರಿಗೆ, ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅದನ್ನು ನುಂಗಿದರೂ ಮಲ ಕಪ್ಪಾಗುತ್ತದೆ. ಆದರೆ ಡಾಂಬರಿನ ಹಾಗೆ ಅಂಟುವುದಿಲ್ಲ. ಅಷ್ಟು ಕೆಟ್ಟ ವಾಸನೆಯೂ ಇರುವುದಿಲ್ಲ. ಹೆದರಿ ಮಾತ್ರೆ ಬಿಡಬೇಡಿ. ಹುಟ್ಟಿದ ಕೂಸಿನ ಮೊದಲ ಎರಡು ಮೂರು ದಿನದ ಮಲವೂ ಕಪ್ಪಾಗಿರುತ್ತದೆ. ಅದು ಸಹಜ. ಬೇರೆ ಯಾವಾಗಲೇ ಅನುಮಾನ ಬಂದರೂ ಡಾಕ್ಟರಿಗೆ ತೋರಿಸಿ.

ಏನು ಮಾಡಬೇಕು?

ಮೈಗೆ ಉಷ್ಣವಾಗಿದೆ ಅಂತ ಮಜ್ಜಿಗೆ ಕುಡಿದು ಸುಮ್ಮನಾಗಬೇಡಿ. ಯಾರೋ ಮದ್ದು ಹಾಕಿದ್ದಾರೆ ಅಂತ ವಾಂತಿ ಮಾಡಿಸಿ ಮದ್ದು ತೆಗೆಸಲು ಹೋಗಬೇಡಿ. ಒಳಗೆ ಹುಣ್ಣಿದ್ದರೆ ರಕ್ತ ಇನ್ನೂ ಜಾಸ್ತಿ ಹೋಗಬಹುದು.

ಅದೇ ದಿನ ಆಸ್ಪತ್ರೆಗೆ ಹೋಗಿ. ತಲೆ ಸುತ್ತಿದರೆ, ಎದೆ ಡವಡವ ಅಂದರೆ, ಮೈ ತಣ್ಣಗೆ ಬೆವರಿದರೆ, ರಕ್ತ ವಾಂತಿಯಾದರೆ, ಕಾಫಿ ಚರಟದ ಹಾಗೆ ವಾಂತಿಯಾದರೆ ಒಂದು ಗಳಿಗೆಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ. ಒಬ್ಬರೇ ಹೋಗಬೇಡಿ.

ನುಂಗುತ್ತಿರುವ ಮಾತ್ರೆಗಳ ಹಾಳೆ ತೆಗೆದುಕೊಂಡು ಹೋಗಿ. ಆಧಾರ್ ಮತ್ತು ರೇಷನ್ ಕಾರ್ಡೂ ಇರಲಿ. ಡಾಕ್ಟರಿಗೆ ಹೀಗೆ ಹೇಳಿ:

- ಎಷ್ಟು ದಿನದಿಂದ ಕಪ್ಪಾಗಿ ಹೋಗುತ್ತಿದೆ?
- ದಿನಕ್ಕೆ ಎಷ್ಟು ಸಲ?
- ಯಾವ ಯಾವ ಮಾತ್ರೆ ನುಂಗುತ್ತೀರಿ?
- ಹೊಟ್ಟೆ ನೋವು, ಸುಸ್ತು ಇದೆಯೇ?

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ನಾಡಿ, ಬಿ.ಪಿ. ನೋಡುತ್ತಾರೆ. ರಕ್ತ ಪರೀಕ್ಷೆ ಮಾಡುತ್ತಾರೆ. ಬೇಕಾದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಎಂಡೋಸ್ಕೋಪಿ ಮಾಡುತ್ತಾರೆ. ಅಂದರೆ, ತುದಿಯಲ್ಲಿ ಕ್ಯಾಮರಾ ಇರುವ ತೆಳ್ಳನೆಯ ಕೊಳವೆಯನ್ನು ಬಾಯಿಂದ ಜಠರಕ್ಕೆ ಇಳಿಸಿ ನೋಡುತ್ತಾರೆ. ಇದು ಆಪರೇಷನ್ ಅಲ್ಲ, ಹೊಟ್ಟೆ ಕೊಯ್ಯುವುದಿಲ್ಲ. ರಕ್ತ ಹೋಗುತ್ತಿದ್ದರೆ ಅದೇ ಕೊಳವೆಯ ಮೂಲಕ ನಿಲ್ಲಿಸಲೂಬಹುದು.

ಮನೆಯಲ್ಲಿ ಅತ್ತೆ, ಮಾವ, ವಯಸ್ಸಾದವರು ಇದ್ದಾರೆಯೇ? ಅವರು ಮಂಡಿ ನೋವಿಗೆ, ಹೃದಯಕ್ಕೆ ಮಾತ್ರೆ ನುಂಗುತ್ತಾರೆಯೇ? ಅವರಿಗೂ ಈ ಪಾಠ ಓದಿ ಹೇಳಿ. ಹೃದಯದ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಡುವುದು ಬೇಡ. ಮಲ ಯಾವ ಬಣ್ಣ ಹೋಗುತ್ತಿದೆ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಹೇಳುವುದರಲ್ಲಿ ನಾಚಿಕೆಯಿಲ್ಲ. ಹೊತ್ತಿಗೆ ಸರಿಯಾಗಿ ಹೇಳಿದರೆ ಜೀವ ಉಳಿಯುತ್ತದೆ.