ರೊಬಸ್ಟಾ ಕುಡಿಯುವ ಊರು

ಹನೋಯ್‌ನ ಹಳೇಪೇಟೆಯಲ್ಲಿ ಕಾಫಿ ಕುಡಿಯಬೇಕೆಂದರೆ ಮಂಡಿ ಗಟ್ಟಿಯಿರಬೇಕು. ಫುಟ್‌ಪಾತಿನ ಮೇಲೆ ಮೊಣಕಾಲಿಗೂ ಬಾರದ ಪ್ಲಾಸ್ಟಿಕ್ ಸ್ಟೂಲು, ಅದಕ್ಕಿಂತ ಚೂರೇ ಎತ್ತರದ ಮೇಜು. ಬೆಳಗ್ಗೆ ಆರೂವರೆಗೇ ಜನ ರಸ್ತೆಗೆ ಮುಖಮಾಡಿ ಕೂತಿರುತ್ತಾರೆ. ಒಂದೇ ಲೋಟಕ್ಕೆ ಅರ್ಧ ಗಂಟೆ; ಎದ್ದು ಹೋಗಿ ಎನ್ನುವವರಿಲ್ಲ. ನಮ್ಮ ಟೂರಿನವರು ಹೋಟೆಲಿನ ಬಫೆಯಲ್ಲಿ ಇಡ್ಲಿ ಇದೆಯಾ ಎಂದು ಹುಡುಕುವ ಹೊತ್ತಿಗೆ ನಾನು ಯಜಮಾನರನ್ನು ಎಳೆದುಕೊಂಡು ಇಲ್ಲಿಗೆ ಬಂದಿರುತ್ತಿದ್ದೆ.

ಕಾರಣವಿದೆ. ನಾವು ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರು, ತೋಟದಲ್ಲಿರುವುದು ಹೆಚ್ಚೂಕಡಿಮೆ ರೊಬಸ್ಟಾನೇ. ರೇಟು ಕೇಳಲು ಹೋದರೆ ವಿಯೆಟ್ನಾಂ ಹೆಸರೆತ್ತದ ವ್ಯಾಪಾರಿ ನಮ್ಮಲ್ಲಿಲ್ಲ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು, ರೊಬಸ್ಟಾದಲ್ಲಂತೂ ಅದಕ್ಕೇ ಮೊದಲ ಸ್ಥಾನ. ಇಡೀ ಭಾರತದ ಬೆಳೆಯ ಸುಮಾರು ಐದು ಪಟ್ಟು. 2024ರಲ್ಲಿ ಅವರ ಬೆಟ್ಟಸೀಮೆಗೆ ಬರ ಬಡಿದು, ಲಂಡನ್ ಮಾರುಕಟ್ಟೆ ದಾಖಲೆ ಮುಟ್ಟಿದಾಗಲೇ ನಮ್ಮ ಚೆರಿ ಮೂಟೆಗೂ ಕಂಡುಕೇಳರಿಯದ ಬೆಲೆ ಬಂದದ್ದು. ಅವರಿಗೆ ಮಳೆ ಕೈಕೊಟ್ಟಿತು, ನಮ್ಮ ಸಾಲ ತೀರಿತು. ಈ ಪ್ರವಾಸದ ದುಡ್ಡೂ ಅದರದ್ದೇ.

ಲೋಟದ ಬಾಯಿಗೆ ಕೂರಿಸುವ ಪುಟ್ಟ ಫಿಲ್ಟರಿಗೆ ಅಲ್ಲಿ ಫಿನ್ ಎನ್ನುತ್ತಾರೆ. ತೂತಿನ ತಳದ ಡಬ್ಬಿ, ಪುಡಿ ಒತ್ತುವ ಬಿಲ್ಲೆ, ಮೇಲೊಂದು ಮುಚ್ಚಳ. ನಮ್ಮ ಫಿಲ್ಟರಿನ ಮೇಲರ್ಧವನ್ನಷ್ಟೇ ತಂದಿಟ್ಟಂತೆ. ಮೊದಲು ಚಮಚದಷ್ಟು ಬಿಸಿನೀರು ಹಾಕಿ ಪುಡಿ ಉಬ್ಬಲು ಬಿಡುತ್ತಾರೆ, ಆಮೇಲೆ ಡಬ್ಬಿ ತುಂಬ. ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಯಲು ನಾಲ್ಕೈದು ನಿಮಿಷ. ಹಾಲಿನ ಕಾಫಿ ಕೇಳಿದ್ದರೆ ಲೋಟದ ತಳದಲ್ಲಿ ಮೊದಲೇ ಒಂದು ಬೆರಳು ಕಂಡೆನ್ಸ್ಡ್ ಮಿಲ್ಕ್ ಕೂತಿರುತ್ತದೆ. ಫ್ರೆಂಚರ ಆಳ್ವಿಕೆಯಲ್ಲಿ ತಾಜಾ ಹಾಲಿಗೆ ಬರ, ಡಬ್ಬಿಹಾಲೇ ಗತಿಯಾಗಿತ್ತು. ಈಗ ಹಾಲು ಸಿಕ್ಕರೂ ನಾಲಗೆ ಅದನ್ನೇ ಕೇಳುತ್ತದೆ. ಗಿಡ ತಂದವರೂ ಫ್ರೆಂಚ್ ಪಾದ್ರಿಗಳೇ, 1857ರ ಸುಮಾರಿಗೆ. ಬಾಬಾಬುಡನ್‌ಗಿರಿಯ ಕಾಫಿಯ ಮುಂದೆ ಅದು ಇತ್ತೀಚಿನದು. ಬೆಳೆ ಈ ಪರಿ ಹಬ್ಬಿದ್ದು 1986ರ ಆರ್ಥಿಕ ಸುಧಾರಣೆಯ ನಂತರ.

ಪುಡಿ ಬಹುಮಟ್ಟಿಗೆ ರೊಬಸ್ಟಾ. ಹುರಿಯುವಾಗ ಬೆಣ್ಣೆ, ಸಕ್ಕರೆ ಹಾಕುವುದೂ ಉಂಟು. ಮೊದಲ ಗುಟುಕಿಗೆ ಕಹಿ ನೆತ್ತಿಗೇರಿತು, ಎರಡನೆಯದಕ್ಕೆ ಚಾಕೊಲೇಟಿನ ವಾಸನೆ ಬಂತು. ರೊಬಸ್ಟಾ ಎಂದರೆ ಇನ್‌ಸ್ಟಂಟ್ ಫ್ಯಾಕ್ಟರಿಗೆ ಹೋಗುವ ಸರಕು, ನೆಂಟರಿಗೆ ಕೊಡುವುದಲ್ಲ ಎಂಬುದು ನಮ್ಮ ಮಲೆನಾಡಿನ ದೊಡ್ಡಸ್ತಿಕೆ. ನಾವೇ ಮೂಟೆಗಟ್ಟಲೆ ಮಾರಿ, ಪೇಟೆಯಿಂದ ಅರೇಬಿಕಾ-ಚಿಕೋರಿ ಪುಡಿ ತರುತ್ತೇವೆ. ಅವರು ಬೆಳೆದದ್ದನ್ನೇ ಮರ್ಯಾದೆಯಿಂದ ಕುಡಿಯುತ್ತಾರೆ.

ಮೊಟ್ಟೆ ತಿನ್ನುವವರು ಎಗ್ ಕಾಫಿ ಬಿಡಬೇಡಿ. 1946ರಲ್ಲಿ ಹಾಲು ಸಿಗದಿದ್ದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಗಿಯಾಂಗ್ ಎಂಬಾತ ಮೊಟ್ಟೆಯ ಹಳದಿಯನ್ನು ನೊರೆ ಬರುವಂತೆ ಕಡೆದು ಕಾಫಿಯ ಮೇಲೆ ಹಾಕಿದ. ಸಂದಿಯೊಳಗಿರುವ ಗಿಯಾಂಗ್ ಕೆಫೆ ಇಂದಿಗೂ ಅವನ ಮನೆತನದ್ದೇ. ಆರದಿರಲೆಂದು ಕಪ್ಪನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಕೊಡುತ್ತಾರೆ. ಹಸಿ ಮೊಟ್ಟೆಯ ವಾಸನೆ ಇರಲಿಲ್ಲ, ನಾನು ಮೂಸಿ ನೋಡಿಯೇ ಕುಡಿದೆ.

ಅಂಗಡಿಗಳಲ್ಲಿ ದೇವರು ಗೋಡೆಯ ಮೇಲಿಲ್ಲ, ನೆಲದಲ್ಲಿದ್ದಾನೆ. ಬಾಗಿಲಿಗೆ ಮುಖಮಾಡಿದ ಕೆಂಪು ಗೂಡಿನಲ್ಲಿ ಧನದ ದೇವರು, ಪಕ್ಕದಲ್ಲಿ ಹೊಟ್ಟೆ ಬಿಟ್ಟುಕೊಂಡು ನಗುವ ಭೂಮಿಯ ದೇವರು. ಊದುಬತ್ತಿ, ಬಾಳೆಹಣ್ಣು, ಹಚ್ಚಿಟ್ಟ ಸಿಗರೇಟು. ಒಂದು ಕಡೆ ಪುಟ್ಟ ಲೋಟದಲ್ಲಿ ಕರಿ ಕಾಫಿಯೂ ಇತ್ತು. ಹಾಂಗ್ ಮಾ ಬೀದಿಯಲ್ಲಿ ಸತ್ತ ಹಿರಿಯರಿಗಾಗಿ ಸುಡುವ ಕಾಗದದ ನೋಟು, ಕಾಗದದ ಬೈಕು, ಕಾಗದದ ಮೊಬೈಲು ರಾಶಿ ರಾಶಿ. ಯಜಮಾನರು ಕಾಗದದ ಚಾರ್ಜರ್ ಎಲ್ಲಿ ಎಂದು ಹುಡುಕುತ್ತಿದ್ದರು.

ಟೂರಿನವರು ತೋರಿಸಿದ್ದರಲ್ಲಿ ಸಾಹಿತ್ಯ ಮಂದಿರ ನನಗಿಷ್ಟವಾಯಿತು. ಅದು 1070ರದ್ದು. ರಾಜಪರೀಕ್ಷೆ ಗೆದ್ದವರ ಹೆಸರು ಕೆತ್ತಿದ 82 ಶಾಸನಗಳು ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತಿವೆ. ಪರೀಕ್ಷೆಗೆ ಹೊರಟ ಮಕ್ಕಳು ಆಮೆಯ ತಲೆ ಸವರಿ ಸವರಿ ಸವೆಸಿದ್ದರಿಂದ ಈಗ ಬೇಲಿ ಹಾಕಿದ್ದಾರೆ. ನೀರಿನ ಗೊಂಬೆಯಾಟ ಗದ್ದೆಯ ರೈತರು ಹುಟ್ಟಿಸಿದ ಆಟ. ಆಡಿಸುವವರು ಪರದೆಯ ಹಿಂದೆ ಸೊಂಟಮಟ್ಟ ನೀರಿನಲ್ಲಿ ನಿಂತಿರುತ್ತಾರೆ. ಗೊಂಬೆಗಳು ನಾಟಿ ಮಾಡಿದವು, ಎಮ್ಮೆ ಮೇಯಿಸಿದವು. ಹಾಲಾಂಗ್ ಕೊಲ್ಲಿಯ ಸುಣ್ಣಕಲ್ಲಿನ ದ್ವೀಪಗಳು ಚೆಂದವೇ, ಆದರೆ ದೋಣಿಗಳ ಸಂತೆ.

ಸಸ್ಯಾಹಾರಿಗಳು ‘ಚಾಯ್’ ಎಂಬ ಬೋರ್ಡು ಹುಡುಕಿ, ಅದು ಸಸ್ಯಾಹಾರದ ಹೋಟೆಲು. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿನ ಬೌದ್ಧರೂ ಅದನ್ನೇ ತಿನ್ನುತ್ತಾರೆ. ಬೇರೆ ಕಡೆ ಬರೀ ಸೊಪ್ಪಿನ ಪಲ್ಯ ಕೇಳಿದರೂ ಮೀನಿನ ಸಾಸ್ ಬಿದ್ದಿರಬಹುದು.

ಕಾಫಿ ಬೆಳೆಯುವ ಡಾಕ್ ಲಾಕ್ ಸೀಮೆ ನಮ್ಮ ಪಟ್ಟಿಯಲ್ಲಿರಲಿಲ್ಲ, ಟೂರಿನವರಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಬೆಳೆಗಾರರಾಗಿದ್ದರೆ ಹನೋಯ್‌ನಿಂದ ವಿಮಾನದಲ್ಲಿ ಬುವಾನ್ ಮಾ ಥುವೊಟ್‌ಗೆ ಹೋಗಿ ಬನ್ನಿ. ನೆರಳಿಲ್ಲದ ಬಿಸಿಲಿನಲ್ಲಿ, ಅಂತರ್ಜಲ ಎತ್ತಿ ಹಾಯಿಸಿ ಅವರು ಹೆಕ್ಟೇರಿಗೆ ನಮಗಿಂತ ಎರಡು ಪಟ್ಟಿಗೂ ಹೆಚ್ಚು ತೆಗೆಯುವುದು ಹೇಗೆ, ಅದಕ್ಕೆ ನೆಲ ಎಷ್ಟು ಸುಂಕ ಕಟ್ಟುತ್ತಿದೆ ಎಂಬುದನ್ನು ಕಣ್ಣಾರೆ ನೋಡಬಹುದು. ನವೆಂಬರ್ ಒಳ್ಳೆಯದು: ಅವರ ಕೊಯ್ಲು ನಡೆಯುತ್ತಿರುತ್ತದೆ, ನಮ್ಮ ರೊಬಸ್ಟಾ ಇನ್ನೂ ಹಣ್ಣಾಗಿರುವುದಿಲ್ಲ.